ನಲವತ್ತೇಳನೇ ನಂಬರಿನ ರಕ್ತ

ಶರಣಮ್ಮ ಏನು ಕೆಲಸ ಮಾಡುತ್ತಾಳೆಂಬುದು ಅವಳ ಓಣಿಯವರಿಗೆ ಇಂದಿಗೂ ನೆಟ್ಟಗೆ ತಿಳಿದಿಲ್ಲ. ಹದಿನಾರು ವರ್ಷಗಳಿಂದ ಬೆಳಿಗ್ಗೆ ಎಂಟಕ್ಕೆ ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದಿನ ಸ್ಟಾಪಿನಲ್ಲಿ ಬಸ್ಸು ಹತ್ತುತ್ತಾಳೆ, ಸಂಜೆ ಆರೂವರೆಗೆ ಇಳಿಯುತ್ತಾಳೆ. ಇಳಿದಾಗ ಮೈಯಿಂದ ಕಡಲೆ ಹಿಟ್ಟಿನ ವಾಸನೆ ಬರುತ್ತದೆ. ಆದ್ದರಿಂದ ಅರ್ಧ ಓಣಿಯ ಪ್ರಕಾರ ಅವಳು ಹಿಟ್ಟಿನ ಗಿರಣಿಯಲ್ಲಿದ್ದಾಳೆ. ಪಕ್ಕದ ಮನೆಯ ರಂಗೂಬಾಯಿ ಒಮ್ಮೆ ಅವಳ ಕೊರಳಲ್ಲಿದ್ದ ಗುರುತಿನ ಚೀಟಿಯನ್ನು ತಿರುವಿ ನೋಡಿ, ಇವಳು ದವಾಖಾನೆಯ ನರ್ಸೇ ಸರಿ ಎಂದು ತೀರ್ಮಾನಿಸಿ, ಮೊಮ್ಮಗಳ ಕೆಮ್ಮಿಗೆ ಔಷಧ ಕೇಳಲು ಬಂದಿದ್ದಳು. ಶರಣಮ್ಮ ಎರಡೂ ಅಲ್ಲ. ಗುಡ್ಡದ ಆಚೆ ಬದಿಯ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕಿ. ಯಾವ ಕಾಳು, ಯಾವ ಹೂವಿನ ಪುಡಿ, ಯಾವ ಧೂಳು ಯಾರ ಮೈಗೆ ಆಗಿಬರುವುದಿಲ್ಲ, ಏಕೆ ಆಗಿಬರುವುದಿಲ್ಲ ಎಂದು ಹುಡುಕುವುದು ಅಲ್ಲಿಯ ಕಸುಬು.

ಅವಳ ದಿನಚರಿ ದೊಡ್ಡದೇನಲ್ಲ. ಕಡಲೆ, ಶೇಂಗಾ, ತೊಗರಿಯನ್ನು ಬೇರೆ ಬೇರೆಯಾಗಿ ನುಣ್ಣಗೆ ಪುಡಿ ಮಾಡಬೇಕು, ಉಪ್ಪುನೀರಿನಲ್ಲಿ ನೆನೆಹಾಕಬೇಕು, ಗಾಜಿನ ಸಾಮಾನು ತೊಳೆಯಬೇಕು. ಸಂಜೆ, ಬಳಸಿ ಬಿಟ್ಟ ಪುಟ್ಟ ನಳಿಕೆಗಳನ್ನೆಲ್ಲ ಕುಕ್ಕರಿನಂಥ ದೊಡ್ಡ ಹಬೆಯ ಯಂತ್ರದಲ್ಲಿ ಬೇಯಿಸಿ, ಕೆಂಪು ಚೀಲಕ್ಕೆ ತುಂಬಿ ಬಾಯಿ ಕಟ್ಟಬೇಕು. ವಾರಕ್ಕೆರಡು ಸಲ ಗಾಡಿ ಬಂದು ಅದನ್ನು ಊರ ಹೊರಗೆ ಒಯ್ಯುತ್ತದೆ. ಒಳಗಿನದು ಒಂದೂ ಹೊರಗೆ ಹೋಗಬಾರದು, ಹೋದರೆ ಬೆಂದೇ ಹೋಗಬೇಕು. ಈ ನಿಯಮವನ್ನು ಬಾಗಿಲ ಮೇಲೆ ಮೂರು ಭಾಷೆಯಲ್ಲಿ ಬರೆದಿದ್ದಾರೆ, ಆದರೆ ಅದನ್ನು ಕಾಯುವವಳು ಶರಣಮ್ಮನೇ. ಒಮ್ಮೆ ದಿಲ್ಲಿಯಿಂದ ಬಂದ ಭಾರೀ ವಿಜ್ಞಾನಿಯೊಬ್ಬರು ಮನೆಯಲ್ಲಿ ಬಳ್ಳಿ ನೆಡಲು ಇರಲೆಂದು ಖಾಲಿ ಬಾಟಲಿಯೊಂದನ್ನು ತಮ್ಮ ಚೀಲಕ್ಕೆ ಇಳಿಸಿದ್ದನ್ನು ಅವಳು ಬಾಗಿಲಲ್ಲೇ ಹಿಡಿದು ತೆಗೆಸಿಕೊಂಡಿದ್ದಳು. ಇಂಥವಳೇ ಆಮೇಲೆ ಅದೇ ಲ್ಯಾಬಿನಲ್ಲಿ ಕಳ್ಳತನ ಮಾಡಿದಳು ಎಂದರೆ ಯಾರೂ ನಂಬಲಿಕ್ಕಿಲ್ಲ. ಆದರೆ ಮಾಡಿದಳು, ಮೂರು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಇದ್ದಳು.

ಅವಳು ಶಹಾಪುರದ ಕಡೆಯವಳು. ಐದು ವರ್ಷದವಳಿದ್ದಾಗ ಅಪ್ಪ ಅವ್ವ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದರು. ಅವರು ಇಟ್ಟಿಗೆ ಹೊತ್ತ ಮನೆಗಳು ಒಂದೊಂದಾಗಿ ಮೇಲೇಳುತ್ತಿದ್ದಂತೆ ಅವಳ ತಗಡಿನ ಮನೆ ಒಂದೊಂದು ಕಡೆಗೆ ಸರಿಯುತ್ತಿತ್ತು. ಹೀಗೆ ಸರಿಯುತ್ತಲೇ ಮರಾಠಿ ಶಾಲೆಯಲ್ಲಿ ಏಳನೆಯವರೆಗೆ ಓದಿದಳು. ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ. ಲ್ಯಾಬಿಗೆ ಕಸ ಗುಡಿಸಲು ಸೇರಿದವಳನ್ನು ಮುಂದೆ ತಂದದ್ದು ಈ ಎರಡು ಬಾಯಿಯೇ.

2012ರಲ್ಲಿ ಲ್ಯಾಬಿನ ಹಿರಿಯರಾಗಿದ್ದವರು ಬೆಳಗಾವಿಯ ರಾಜೀವ ಸರ್. ಮಾರ್ಕೆಟ್ ಯಾರ್ಡಿನ ಕಾಳಿನ ಗೋದಾಮುಗಳಲ್ಲಿ ಚೀಲ ಹೊರುವ ಹಮಾಲರಿಗೆ ಸೀನು, ದಮ್ಮು ಏಕೆ ಬರುತ್ತದೆ ಎಂದು ಅವರು ಹುಡುಕಲು ಹೊರಟರು. ಅದಕ್ಕೆ ಹಮಾಲರ ರಕ್ತ ಬೇಕು. ಹಮಾಲರಲ್ಲಿ ಬಹಳ ಜನ ಕಲಬುರಗಿ, ಯಾದಗಿರಿ ಕಡೆಯವರು. ರಕ್ತ ಅಂದದ್ದೇ ತಡ, ಎಲ್ಲರೂ ಚೀಲದ ಹಿಂದೆ ಮರೆಯಾದರು. ಸರ್ ಅವರ ಬೆಳಗಾವಿಯ ನಯದ ಮಾತು ಅಲ್ಲಿ ನಡೆಯಲಿಲ್ಲ. ಮರುದಿನ ಅವರು ಶರಣಮ್ಮನನ್ನು ಜೊತೆಗೆ ಕರೆದೊಯ್ದರು.

ಅವಳಿಗಾಗ ಇಪ್ಪತ್ಮೂರು. ಗೋದಾಮಿನ ಬಾಗಿಲಲ್ಲಿ ನಿಂತು ಊರಿನ ಮಾತಿನಲ್ಲಿ ಹೇಳಿದಳು, ಕೇಳಿದಳು, ಕೊನೆಗೆ ಬೈದಳು. ಯಾರೂ ಕದಲಲಿಲ್ಲ. ಆಗ ಮೂಗಿಗೆ ಟವೆಲು ಸುತ್ತಿಕೊಂಡ, ಕಣ್ಣು ಕೆಂಪಗಾದ ಒಬ್ಬ ಎತ್ತರದ ಆಳು ಮುಂದೆ ಬಂದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ರಗತ ತಗೊಂಡು ಏನ್ ಮಾಡ್ತೀರಿ?” ಎಂದು ಕೇಳಿದ.

“ನಿಮಗ ಯಾಕ ಸೀನು ಬರ್ತಾವಂತ ನೋಡ್ತೀವ್ರಿ. ನಾಳಿ ನಿಮಗೇ ಉಪಯೋಗ ಆಗ್ತದ,” ಎಂದಳು ಶರಣಮ್ಮ. ಅದು ನಿಜವೋ ಅಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಸರ್ ಹಾಗೆ ಹೇಳು ಎಂದಿದ್ದರು.

ಅವನು ತೋಳು ಚಾಚಿದ. ಸೂಜಿ ಚುಚ್ಚುವಾಗ ಅವನು ಸೂಜಿಯ ಕಡೆ ನೋಡಲಿಲ್ಲ, ಇವಳ ಕಡೆ ನೋಡುತ್ತಿದ್ದ. ಆ ದಿನ ಮೂರು ಗೋದಾಮು ಸೇರಿ ನಲವತ್ತೇಳು ಜನರ ರಕ್ತ ಸಿಕ್ಕಿತು. ಅವನ ರಕ್ತವನ್ನು ಎಲ್ಲರಿಗಿಂತ ಮೊದಲು ತೆಗೆದಿದ್ದರೂ ನಂಬರು ಕೊನೆಯದು ಬಿತ್ತು. ಚೀಟಿ ಅಂಟಿಸುವ ಕೆಲಸ ಶರಣಮ್ಮನದು. ಅವನ ನಳಿಕೆಯನ್ನು ಅವಳು ತಿಳಿಯದೆ ಮುಷ್ಟಿಯಲ್ಲಿ ಹಿಡಿದುಕೊಂಡೇ ಉಳಿದ ನಲವತ್ತಾರಕ್ಕೂ ಚೀಟಿ ಹಚ್ಚಿಬಿಟ್ಟಿದ್ದಳು.

ಅವನ ಹೆಸರು ದೇವಾನಂದ. ಕಡಲೆ ಇದ್ದವರಿಗೆ ಹಲ್ಲಿಲ್ಲ, ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನುತ್ತಾರೆ. ದೇವಾನಂದನಿಗೆ ಗಟ್ಟಿ ಹಲ್ಲೂ ಇತ್ತು, ಕಣ್ಣೆದುರಿಗೆ ಸಾವಿರ ಚೀಲ ಕಡಲೆಯೂ ಇತ್ತು, ಮೂಗು ಮಾತ್ರ ಒಪ್ಪುತ್ತಿರಲಿಲ್ಲ. ಲ್ಯಾಬಿನಲ್ಲಿ ಅವನ ರಕ್ತ ದೊಡ್ಡ ಸುದ್ದಿಯಾಯಿತು. ರಕ್ತ ಹೆಪ್ಪುಗಟ್ಟಿದ ನಂತರ ಮೇಲೆ ನಿಲ್ಲುವ ಹಳದಿ ತಿಳಿಯನ್ನು ತೆಗೆದು, ಅದನ್ನು ಕಡಲೆಯ ಪ್ರೋಟೀನುಗಳ ಮೇಲೆ ಹಾಕಿ ನೋಡುತ್ತಾರೆ. ಮೈಗೆ ಆಗದ ಪ್ರೋಟೀನು ಎಲ್ಲಿದೆಯೋ ಅಲ್ಲಿ ರಕ್ತ ಹೋಗಿ ಅಂಟಿಕೊಳ್ಳುತ್ತದೆ, ಬಣ್ಣ ಹಾಕಿದಾಗ ಗೆರೆ ಮೂಡುತ್ತದೆ. ಬೇರೆಯವರ ರಕ್ತ ಮಬ್ಬು ಗೆರೆ ಎಳೆದರೆ ನಲವತ್ತೇಳನೆಯದು ಕಾಡಿಗೆ ಬಳಿದಂತೆ ಎಳೆಯಿತು. ರಾಜೀವ ಸರ್ ಅವಳಿಗೆ ಬಿಡಿಸಿ ಹೇಳಿದ್ದರು. ರಕ್ತಕ್ಕೂ ಒಂದು ನೆನಪು ಇರುತ್ತದೆ, ಒಮ್ಮೆ ಯಾವುದನ್ನಾದರೂ ವೈರಿ ಎಂದು ಬಗೆದರೆ ಮನುಷ್ಯ ಸಾಯುವ ತನಕ ಅದರ ಗುರುತು ಬಿಡುವುದಿಲ್ಲ ಎಂದು. ಶರಣಮ್ಮನ ಕಡೆಯಿಂದಲೇ ಅವನಿಗೆ ಹೇಳಿಕಳಿಸಿದರು, ಕಡಲೆ ಗೋದಾಮು ಬಿಟ್ಟು ಉಳ್ಳಾಗಡ್ಡಿ ಗೋದಾಮಿನ ಕಡೆಗೆ ಹೋಗು ಎಂದು. ಹೇಳಲು ಹೋದವಳು ಒಂದು ಸಲಕ್ಕೆ ಮುಗಿಸಬಹುದಿತ್ತು. ನಾಲ್ಕು ಸಲ ಹೋದಳು. ಮುಂದಿನ ವರ್ಷ ಮದುವೆಯಾಯಿತು.

ಆ ಮನೆಯಲ್ಲಿ ಎಂಟು ವರ್ಷ ಕಡಲೆ ಹಿಟ್ಟಿನ ಝುಣಕ ಬೇಯಲಿಲ್ಲ, ಭಜಿ ಕರಿಯಲಿಲ್ಲ, ಹೋಳಿಗೆಗೆ ತೊಗರಿಬೇಳೆಯೇ ಆಯಿತು. ಸಂಜೆ ಅವಳು ಲ್ಯಾಬಿನಿಂದ ಬಂದರೆ ಬಚ್ಚಲಿಗೆ ಹೋಗಿ ಸೀರೆ ಬದಲಿಸಿ, ತಲೆಯಿಂದ ನೀರು ಹಾಕಿಕೊಂಡ ಮೇಲೆಯೇ ಅವನ ಹತ್ತಿರ ಸುಳಿಯಬೇಕು. ಅಲ್ಲಿಯವರೆಗೆ ಅವನು ಹೊರಗಿನ ಕಟ್ಟೆಯ ಮೇಲೆ ಕೂತು ಕಾಯುತ್ತಿದ್ದ. ಅವಳು ಒದ್ದೆ ಕೂದಲು ಒರೆಸಿಕೊಳ್ಳುತ್ತ ಹೊರಗೆ ಬಂದರೆ ದಿನವೂ ಒಂದೇ ಪ್ರಶ್ನೆ:

“ಏನಂತು ನಮ್ ರಗತ ಇವತ್ತ?”

ಅವಳು ದಿನವೂ ಒಂದು ಸುಳ್ಳು ಕಟ್ಟುತ್ತಿದ್ದಳು. ಇವತ್ತು ಶೇಂಗಾದ ಕೂಡ ಜಗಳ ತೆಗೆದಿತ್ತು ಎನ್ನುವಳು. ಚಾಕಣದಿಂದ ಬಂದ ಇನ್ನೊಬ್ಬರ ರಕ್ತದ ಜೊತೆ ಬೀಗಸ್ತನ ಮಾಡಿಕೊಂಡಿತು ಎನ್ನುವಳು. ಅವನು ನಂಬಿದವನಂತೆ ತಲೆಯಾಡಿಸುತ್ತಿದ್ದ. ಮಗಳು ಸೋನಾಲಿ ಹುಟ್ಟಿದಳು. ಅವಳಿಗೆ ಅಪ್ಪನ ಮೋರೆ ಬಂತು, ಸೀನು ಬರಲಿಲ್ಲ. ಅದನ್ನು ಅವನು ಎಲ್ಲರಿಗೂ ಹೇಳಿಕೊಂಡು ತಿರುಗಿದ.

2021ರ ಏಪ್ರಿಲಿನಲ್ಲಿ ಅವನಿಗೆ ಜ್ವರ ಬಂತು. ಮೈಮುಚ್ಚಿದ ಬಟ್ಟೆ ತೊಟ್ಟವರು ಇಬ್ಬರು ಬಂದು ದವಾಖಾನೆಗೆ ಕರೆದೊಯ್ದರು. ಗಾಡಿ ಓಣಿಯ ತುದಿ ದಾಟುವಾಗ ಅವಳು ಬಚ್ಚಲಲ್ಲಿದ್ದಳು. ಆವತ್ತು ಅರ್ಧ ದಿನದ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದಳು, ಮೊದಲೇ ದಮ್ಮು ಕಟ್ಟಿದವನ ಎದುರಿಗೆ ಕಡಲೆ ಹಿಟ್ಟಿನ ಮೈಯಲ್ಲಿ ಹೋಗುವುದು ಹೇಗೆ ಎಂದು ಎಂದಿನಂತೆ ನೀರು ಹಾಕಿಕೊಳ್ಳಲು ಹೋಗಿದ್ದಳು. ಹೊರಗೆ ಬಂದಾಗ ಕಟ್ಟೆ ಖಾಲಿ ಇತ್ತು. ಐದನೆಯ ದಿನ ಅವನು ಹೋದನೆಂದು ಫೋನು ಬಂತು. ಅಷ್ಟರಲ್ಲಿ ನಗರಪಾಲಿಕೆಯವರು ಸುಟ್ಟೂ ಆಗಿತ್ತು. ಬೇಕಾದರೆ ಬೂದಿ ಒಯ್ಯಿರಿ ಎಂದರು. ಅವಳ ಮಂದಿಯಲ್ಲಿ ಸುಡುವ ಪದ್ಧತಿಯೇ ಇಲ್ಲ, ಹೂಳುತ್ತಾರೆ. ಬಂದವರೆಲ್ಲ ಮೂರು ಹಿಡಿ ಮಣ್ಣು ಕೊಟ್ಟು ಬೀಳ್ಕೊಡುತ್ತಾರೆ. ಹತ್ತು ಜನರದ್ದು ಒಂದೇ ಕಡೆ ಬೆಂದ ಬೂದಿಯಲ್ಲಿ ತನ್ನ ಗಂಡ ಯಾರು ಎಂದು ಅವಳು ಹೇಗೆ ಆರಿಸಬೇಕು? ಅವಳು ಹೋಗಲಿಲ್ಲ. ಹೋಗಲಿಲ್ಲವಲ್ಲ ಎಂದು ಆಮೇಲೆ ಅತ್ತಳು.

ಮೂರು ತಿಂಗಳಾದ ಮೇಲೆ ಲ್ಯಾಬು ಪೂರ್ತಿ ತೆರೆಯಿತು. ಅವಳು ಮಾಡಿದ ಮೊದಲ ಕೆಲಸವೆಂದರೆ ಡೀಪ್ ಫ್ರೀಜರಿನ ಬಾಗಿಲು ತೆಗೆದದ್ದು. ಒಂದು ಕಾಲಕ್ಕೆ ಇಪ್ಪತ್ತು ನಳಿಕೆಗಳಷ್ಟಿದ್ದ ನಲವತ್ತೇಳನೆಯ ರಕ್ತ ಈಗ ಮೂರು ನಳಿಕೆಗೆ ಬಂದಿತ್ತು. ಬೆರಳಿನ ಗೆಣ್ಣಿನಷ್ಟು ಪುಟ್ಟ ನಳಿಕೆ, ಮೇಲೆ ಹಿಮದ ಪುಡಿ, ಒಳಗೆ ಹಳದಿ. ಮಣ್ಣಿಗೂ ಸಿಗದೆ, ಬೆಂಕಿಗೂ ಬೀಳದೆ ದೇವಾನಂದ ಈ ಲೋಕದಲ್ಲಿ ಉಳಿದದ್ದು ಅಷ್ಟೇ. ಮರುವರ್ಷ ವಿದ್ಯಾರ್ಥಿಯೊಬ್ಬ ಎರಡನ್ನು ಬಳಸಿ ಮುಗಿಸಿದ. ಆವತ್ತು ಸಂಜೆ ಶರಣಮ್ಮ ಕೊನೆಯದನ್ನು ಎತ್ತಿ, ಕೆಳಗಿನ ಖಾನೆಯಲ್ಲಿ ಕಾಂಗ್ರೆಸ್ ಹುಲ್ಲಿನ ಹೂಪುಡಿಯ ಡಬ್ಬಿಯೊಳಗೆ ಇಟ್ಟುಬಿಟ್ಟಳು. ಆ ಡಬ್ಬಿಯನ್ನು ವರ್ಷಗಟ್ಟಲೆ ಯಾರೂ ಮುಟ್ಟುತ್ತಿರಲಿಲ್ಲ. ನಲವತ್ತೇಳು ಮುಗಿದಿದೆ ಎಂದು ಯಾರೋ ಪಟ್ಟಿಯಲ್ಲಿ ಬರೆದುಕೊಂಡರು. ಅವಳು ಸುಮ್ಮನಿದ್ದಳು. ರಾಜೀವ ಸರ್ ನಿವೃತ್ತರಾಗಿ ಊರಿಗೆ ಹೋಗಿದ್ದರು. ಆ ನಂಬರಿನ ಹಿಂದೆ ಒಬ್ಬ ಮನುಷ್ಯನಿದ್ದ ಎಂದು ಬಲ್ಲವಳು ಅಲ್ಲಿ ಅವಳೊಬ್ಬಳೇ.

ತಿಂಗಳಿಗೊಮ್ಮೆ ಫ್ರೀಜರಿನ ಹಿಮ ಕೆರೆಯುವ ದಿನ ಅವಳು ಆ ಡಬ್ಬಿಯ ಮುಚ್ಚಳ ಎತ್ತಿ ನೋಡುವಳು. ದಪ್ಪ ಕೈಗವಸಿನ ಮೇಲಿಂದ ಒಂದು ಕ್ಷಣ ಮುಟ್ಟುವಳು. ಮನೆಯಲ್ಲಿ ಈಗ ಝುಣಕ ಮಾಡಲು ಅಡ್ಡಿಯಿರಲಿಲ್ಲ, ಆದರೂ ಕಡಲೆ ಹಿಟ್ಟಿನ ಡಬ್ಬಿ ಮನೆಗೆ ಬರಲಿಲ್ಲ. ಸಂಜೆ ಇಳಿದವಳು ನೇರ ಬಚ್ಚಲಿಗೇ ಹೋಗಿ ತಲೆಯಿಂದ ನೀರು ಹಾಕಿಕೊಂಡು ಹೊರಗೆ ಬರುತ್ತಿದ್ದಳು. ಯಾರಿಗಾಗಿ ಎಂದು ಸೋನಾಲಿ ಒಮ್ಮೆ ಕೇಳಿದಳು. ರೂಢಿ ಎಂದು ಹೇಳಿ ಕೂದಲು ಒರೆಸಿಕೊಂಡಳು. ಎಂದಾದರೊಂದು ದಿನ ಆ ನಳಿಕೆಯನ್ನು ಹೇಗಾದರೂ ಹೊರಗೆ ತಂದು ಮೂರು ಹಿಡಿ ಮಣ್ಣು ಕೊಡಬೇಕು ಎಂಬ ಆಸೆ ಅವಳಿಗಿತ್ತು. ತಾನೇ ಕಾಯುವ ಬಾಗಿಲನ್ನು ತಾನೇ ದಾಟುವುದು ಮಾತ್ರ ಅವಳಿಂದ ಆಗಲಿಲ್ಲ.

ಹೋದ ವರ್ಷ ಸಂಶೋಧನೆಗೆಂದು ಧಾರವಾಡದ ನೀಲಿಮಾ ಎಂಬ ಹುಡುಗಿ ಬಂದಳು. ಬಂದ ಮೊದಲ ವಾರವೇ ಶರಣಮ್ಮನ ಬಾಯಲ್ಲಿ ಕನ್ನಡ ಕೇಳಿ, ಅಕ್ಕಾ ಎನ್ನುತ್ತ ಮಧ್ಯಾಹ್ನದ ಡಬ್ಬಿ ಹಂಚಿಕೊಂಡು ಕೂತಳು. ಹಗಲೆಲ್ಲ ದುಡಿದು ಕಡಲೆಯಲ್ಲಿ ಒಂದು ಪ್ರೋಟೀನನ್ನು ಹಿಡಿದಳು. ಬೇಯಿಸಿದರೂ ಹುರಿದರೂ ಅದು ಸಾಯುತ್ತಿರಲಿಲ್ಲ. ಅದೇ ಮೂಲವೆಂದು ಖಚಿತವಾದರೆ, ಗೋದಾಮಿಗೆ ಹೊಸದಾಗಿ ಬರುವ ಹಮಾಲರಲ್ಲಿ ಯಾರಿಗೆ ಕಾಯಿಲೆ ಬರಬಹುದೆಂದು ಒಂದು ಹನಿ ರಕ್ತದಲ್ಲಿ ಮೊದಲೇ ಹೇಳುವ ಪರೀಕ್ಷೆ ಮಾಡಬಹುದಿತ್ತು. ಆದರೆ ಅವಳ ಮೇಲಿನವರು ಒಂದು ಮಾತು ಹಿಡಿದು ಕೂತರು. ರಾಜೀವ ಸರ್ ಅವರ ಹಳೆಯ ವರದಿಯಲ್ಲಿ ನಲವತ್ತೇಳನೆಯ ರಕ್ತ ಹಿಡಿದ ಗೆರೆಯೂ ನಿನ್ನ ಗೆರೆಯೂ ಒಂದೇ ಎಂದು ಅದೇ ರಕ್ತದಲ್ಲಿ ತೋರಿಸು, ಇಲ್ಲವೆಂದರೆ ಇಷ್ಟಕ್ಕೇ ಬಿಡು ಎಂದರು. ನೀಲಿಮಾ ಎರಡು ತಿಂಗಳು ಫ್ರೀಜರು ಜಾಲಾಡಿದಳು. ಹೂಪುಡಿಯ ಡಬ್ಬಿಯನ್ನು ಎರಡು ಸಲ ಎತ್ತಿ ಪಕ್ಕಕ್ಕಿಟ್ಟಳು. ಅವಳ ಪಕ್ಕದಲ್ಲೇ ಶರಣಮ್ಮ ಎರಡು ಸಲವೂ ತಲೆ ಎತ್ತದೆ ಹಿಮ ಕೆರೆಯುತ್ತಿದ್ದಳು. ಆ ಹುಡುಗಿ ಗಾಜಿನ ಸಾಮಾನಿನ ಕೋಣೆಯಲ್ಲಿ ಕೂತು ಅತ್ತದ್ದನ್ನೂ ಅವಳು ನೋಡಿದಳು. ಮುಗಿದು ಹೋದದ್ದು ಮುಗಿಯಿತು, ಎಲ್ಲಿಂದ ತರುವುದು ಎಂದು ಸಮಾಧಾನ ಹೇಳಿ ಚಹ ಮಾಡಿಕೊಟ್ಟಳು. ಮನುಷ್ಯರ ಪ್ರೀತಿಗೆ ಇಂಥ ಹೊಲಸು ಧೈರ್ಯವೂ ಇರುತ್ತದೆ.

ಅಷ್ಟೇ ಕಪ್ಪು ಗೆರೆ ಎಳೆಯುವ ಹೊಸ ರಕ್ತ ಸಿಕ್ಕರೆ ಮೇಲಿನವರು ಒಪ್ಪಿಯಾರೆಂದು, ಕೊನೆಯ ಪ್ರಯತ್ನವಾಗಿ ನೀಲಿಮಾ ಗೋದಾಮಿಗೆ ಹೊರಟಳು. ಮಾತಾಡಲು ಶರಣಮ್ಮ ಬೇಕೇ ಬೇಕು. ಹದಿಮೂರು ವರ್ಷಗಳ ಮೇಲೆ ಅದೇ ಬಾಗಿಲು, ಅದೇ ಧೂಳು. ಚೀಲದ ಮೇಲೆ ಮಲಕಪ್ಪ ಕೂತಿದ್ದ. ಅವನು ದೇವಾನಂದನ ಜೊತೆಗಾರ, ಆವತ್ತು ಚೀಲದ ಹಿಂದೆ ಅಡಗಿ ರಕ್ತ ಕೊಡದೆ ಉಳಿದವನು. ಈಗ ಎರಡು ಮಾತಿಗೊಮ್ಮೆ ಉಸಿರು ಹಿಡಿಯಲು ನಿಲ್ಲುತ್ತಿದ್ದ, ಎದೆಯಿಂದ ಸೀಟಿಯಂಥ ಸದ್ದು ಬರುತ್ತಿತ್ತು. ಶರಣಮ್ಮ ಹಳೆಯ ಮಾತನ್ನೇ ಎತ್ತಿಕೊಂಡಳು, ನಾಳೆ ನಿಮಗೇ ಉಪಯೋಗ ಆಗುತ್ತದೆ ಎಂದಳು. ಅವನು ಕೈ ಎತ್ತಿ ತಡೆದ.

“ದೇವಾನಂದ ಕೊಟ್ಟಿದ್ನಲ್ಲವ್ವಾ. ಅವಗ ಉಳ್ಳಾಗಡ್ಡಿ ಕಡೀಗಿ ಹೋಗಂದ್ರಿ. ನಮಗೇನು ಹೇಳಿದ್ರಿ? ಅದರಾಗ ಏನ್ ತಿಳೀತು?”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿಯಬೇಕೆಂಬ ಆಸೆಯಷ್ಟೇ ಇತ್ತು. ಸಿಟ್ಟಾಗಿದ್ದರೆ ಶರಣಮ್ಮ ನಾಲ್ಕು ಮಾತು ತಿರುಗಿಸಿ ಆಡುತ್ತಿದ್ದಳು. ತನ್ನ ಗಂಡನನ್ನು ಆ ಧೂಳಿನಿಂದ ಎತ್ತಿ ಕರೆದೊಯ್ದವಳು ಉಳಿದವರನ್ನು ಅಲ್ಲೇ ಬಿಟ್ಟಿದ್ದಳು. ಅವರಿಗೆ ಹೇಳಬೇಕಾದ ಉತ್ತರವನ್ನು ಮೂರು ವರ್ಷದಿಂದ ಹೂಪುಡಿಯ ಡಬ್ಬಿಯಲ್ಲಿ ಮುಚ್ಚಿಟ್ಟುಕೊಂಡಿದ್ದಳು. ಇಬ್ಬರೂ ಬರಿಗೈಯಲ್ಲಿ ಬಸ್ಸು ಹತ್ತಿದರು.

ಲ್ಯಾಬಿಗೆ ಬಂದವಳೇ ಕೈಗವಸು ಹಾಕಿಕೊಂಡು ಫ್ರೀಜರು ತೆರೆದು, ನಳಿಕೆಯನ್ನು ಬರ್ಫದ ಡಬ್ಬಿಯಲ್ಲಿಟ್ಟು ನೀಲಿಮಾಳ ಮೇಜಿನ ಮೇಲೆ ತಂದಿಟ್ಟಳು.

“ಇದು ಖಾಲಿ ಆಗಿದ್ದಿಲ್ರಿ ಮೇಡಂ. ನಾನೇ ಮುಚ್ಚಿಟ್ಟೀನಿ.”

ನೀಲಿಮಾ ಚೀಟಿ ಓದಿದಳು. ಅವಳ ಮುಖ ಕೆಂಪಾಯಿತು. ಎರಡು ತಿಂಗಳ ಅಳು, ಸಮಾಧಾನದ ಆ ಚಹ ಎಲ್ಲವೂ ಅವಳಿಗೆ ನೆನಪಾದದ್ದು ಕಾಣುತ್ತಿತ್ತು. ಯಾಕೆ ಎಂದು ಗಟ್ಟಿಯಾಗಿಯೇ ಕೇಳಿದಳು.

“ನಮ್ಮ ಮನೆಯವರದ್ರಿ ಇದು,” ಎಂದಳು ಶರಣಮ್ಮ.

ಆಮೇಲೆ ಎಲ್ಲವನ್ನೂ ಹೇಳಿದಳು, ಗೋದಾಮಿನ ಬಾಗಿಲಿನಿಂದ ಖಾಲಿ ಕಟ್ಟೆಯವರೆಗೆ. ಕೊಡದೆ ಉಳಿದ ಮಣ್ಣಿನ ಮಾತನ್ನೂ ಹೇಳಿದಳು. ಕೇಳುತ್ತ ಕೇಳುತ್ತ ನೀಲಿಮಾಳ ಸಿಟ್ಟು ಎಲ್ಲಿ ಇಳಿಯಿತೋ ತಿಳಿಯಲಿಲ್ಲ. ಅವಳು ಬರ್ಫದ ಡಬ್ಬಿಯನ್ನು ಮೆಲ್ಲಗೆ ಶರಣಮ್ಮನ ಕಡೆಗೇ ಸರಿಸಿದಳು.

“ಇದು ಒಂದ ಸಲಕ್ಕ ಆಗೋವಷ್ಟ ಅದ ಅಕ್ಕಾ. ಹಚ್ಚಿದ್ರ ಮುಗದಹೋಗ್ತದ.”

“ಗೊತ್ತದರಿ. ಉಪಯೋಗ ಆಗ್ತದಂತ ನಾನೇ ಅವರಿಗಿ ಹೇಳಿ ತಗೊಂಡಿದ್ದು. ಹಚ್ಚರಿ,” ಎಂದು ಶರಣಮ್ಮ ಡಬ್ಬಿಯನ್ನು ಮರಳಿ ಸರಿಸಿದಳು. ಮಲಕಪ್ಪನಿಗೆ ಉತ್ತರ ಕೊಡಬೇಕಿತ್ತು.

ಕೆಲಸ ಎರಡು ದಿನ ಹಿಡಿಯಿತು. ಕಡಲೆಯನ್ನು ಶರಣಮ್ಮನೇ ಪುಡಿ ಮಾಡಿದಳು, ಎಂದಿಗಿಂತ ನುಣ್ಣಗೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಅಂಗೈಯಗಲದ ಬಿಳಿ ಹಾಳೆಗೆ ಇಳಿಸಿದ ನೀಲಿಮಾ, ನಳಿಕೆಯ ಹಳದಿ ತಿಳಿಯನ್ನು ಕೊನೆಯ ಹನಿಯವರೆಗೆ ಅದರ ಮೇಲೆ ಬಿಟ್ಟಳು. ಎರಡನೆಯ ದಿನ ಮಧ್ಯಾಹ್ನ ಬಣ್ಣದ ನೀರು ಹಾಕುವ ಹೊತ್ತಿಗೆ ತಟ್ಟೆಯನ್ನು ಅಲುಗಿಸಲು ಶರಣಮ್ಮನ ಕೈಗೆ ಕೊಟ್ಟಳು. ಮೊದಲು ಏನೂ ಇರಲಿಲ್ಲ. ಶರಣಮ್ಮ ಅಲುಗಿಸುತ್ತಲೇ ಇದ್ದಳು. ಹದಿಮೂರು ವರ್ಷದ ಥಂಡಿಯಲ್ಲಿ ರಕ್ತ ಎಲ್ಲವನ್ನೂ ಮರೆತಿದ್ದರೆ? ಆಮೇಲೆ ಹಾಳೆಯ ನಡುವೆ, ಇದೇ ಜಾಗದಲ್ಲಿ ಬರಬೇಕೆಂದು ನೀಲಿಮಾ ಬೆರಳು ತೋರಿಸಿದ್ದ ಕಡೆಗೇ, ಒಂದು ನೇರಳೆ ಗೆರೆ ಮೂಡತೊಡಗಿತು. ತೆಳ್ಳಗಿದ್ದದ್ದು ದಪ್ಪವಾಯಿತು, ಕಾಡಿಗೆಯಷ್ಟು ಕಪ್ಪಾಯಿತು. ನೀಲಿಮಾ ಅವಳ ಹೆಗಲು ಹಿಡಿದುಕೊಂಡಳು.

ಸಾಯುವ ತನಕ ಮರೆಯುವುದಿಲ್ಲ ಎಂದಿದ್ದರು ರಾಜೀವ ಸರ್. ಅವನು ಸತ್ತು ನಾಲ್ಕು ವರ್ಷವಾಗಿತ್ತು. ಶರಣಮ್ಮ ತಟ್ಟೆ ಕೆಳಗಿಡಲಿಲ್ಲ.

“ಕಡಲೀದು ಗುರುತ ಹಿಡದಾರ. ನನ್ನ ಗುರುತ ಹಿಡೀತಿದ್ರೇನ್ರಿ ಮೇಡಂ?”

ನೀಲಿಮಾ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. “ರಕ್ತ ಕಾಡಿಸಿದ್ದನ್ನಷ್ಟ ನೆನಪಿಡ್ತದ ಅಕ್ಕಾ,” ಎಂದಳು ಮೆಲ್ಲಗೆ.

“ಹಂಗಿದ್ರ ಹಿಡೀತದ ಬಿಡ್ರಿ. ನಾ ಏನ್ ಕಡಿಮಿ ಕಾಡಿಸೀನೇನು?”

ಇಬ್ಬರೂ ನಕ್ಕರು. ನಗುತ್ತಿದ್ದಂತೆ ಶರಣಮ್ಮನಿಗೆ ಅಳು ಬಂತು, ನಾಲ್ಕು ವರ್ಷದಲ್ಲಿ ಬರದಂಥ ಅಳು. ಅವನು ಬೇಕಾಗಿತ್ತು. ಒದ್ದೆ ಕೂದಲಲ್ಲಿ ಹೊರಗೆ ಬಂದು ಇವತ್ತು ನಿಮ್ಮ ರಕ್ತ ಏನೆಂದಿತು ಎಂದು ಹೇಳಲು, ಒಮ್ಮೆಯಾದರೂ ನಿಜವನ್ನೇ ಹೇಳಲು, ಆ ಕಟ್ಟೆಯ ಮೇಲೆ ಅವನು ಕೂತಿರಬೇಕಾಗಿತ್ತು.

ಖಾಲಿ ನಳಿಕೆಯನ್ನು ಅವಳ ಅಂಗೈಯಲ್ಲಿಟ್ಟು, ಒಯ್ಯುವುದಾದರೆ ಒಯ್ಯಿರಿ, ನಾನು ಆಚೆ ನೋಡುತ್ತೇನೆ ಎಂದು ನೀಲಿಮಾ ಬೆನ್ನು ತಿರುಗಿಸಿ ನಿಂತಳು. ಶರಣಮ್ಮ ಅದನ್ನು ಬಹಳ ಹೊತ್ತು ಮುಷ್ಟಿಯಲ್ಲಿ ಹಿಡಿದಿದ್ದಳು, ಹದಿಮೂರು ವರ್ಷದ ಹಿಂದೆ ಹಿಡಿದಿದ್ದಂತೆಯೇ. ನಂತರ ಹಬೆಯ ಯಂತ್ರದ ಕೋಣೆಗೆ ನಡೆದಳು. ಒಳಗಿನದು ಹೊರಗೆ ಹೋಗುವಂತಿರಲಿಲ್ಲ. ಹೊರಗಿನದು ಒಳಗೆ ಬರಬಾರದೆಂದು ಮಾತ್ರ ಬಾಗಿಲ ಮೇಲೆ ಯಾವ ಭಾಷೆಯಲ್ಲೂ ಬರೆದಿರಲಿಲ್ಲ. ನಳಿಕೆ ಬೆಂದು ಆರಿದ ಮೇಲೆ ಅವಳು ಮೆಟ್ಟಿಲ ಬದಿಯ ದಾಸವಾಳದ ಕುಂಡದಿಂದ ಮಣ್ಣು ತಂದಳು. ಕೆಂಪು ಚೀಲದೊಳಗೆ ನಳಿಕೆ ಇಟ್ಟು, ಮೇಲೆ ಮೂರು ಹಿಡಿ ಮಣ್ಣು ಹಾಕಿ ಬಾಯಿ ಕಟ್ಟಿದಳು.

ಮರುದಿನ ಬೆಳಿಗ್ಗೆ ಗಾಡಿ ಬಂತು. ಚೀಲ ಎತ್ತಿದವನು ಇವತ್ತೇನು ಇಷ್ಟು ಭಾರ ಎಂದು ಮರಾಠಿಯಲ್ಲಿ ಕೇಳಿದ. ನಮ್ಮ ಮನೆಯವರು ಎತ್ತರದ ಆಳು ಎಂದು ಅವಳು ಕನ್ನಡದಲ್ಲಿ ಹೇಳಿದಳು. ಅವನಿಗೆ ತಿಳಿಯಲಿಲ್ಲ, ಚೀಲವನ್ನು ಗಾಡಿಯೊಳಗಿಟ್ಟು ಬಾಗಿಲು ಹಾಕಿದ. ಶರಣಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಈ ಸಲ ಗಾಡಿ ಗೇಟು ದಾಟುವವರೆಗೂ ಅಲ್ಲೇ ನಿಂತಿದ್ದಳು.